ಮಾವಿನಕಾಯಿ ಹಾಕದ ಸಾರು

ವಕ್ಕಲೇರಿಯ ಮುನಿಯಲ್ಲಮ್ಮ ಶಾಲೆಯ ಮುಖ ಕಂಡವಳಲ್ಲ. ಬಸ್ಸಿನ ಬೋರ್ಡು ಓದಬೇಕೆಂದರೆ ಪಕ್ಕದಲ್ಲಿ ನಿಂತವರನ್ನು ಕೇಳಬೇಕು. ಆದರೆ ಯಾವುದೇ ಮನೆಯ ಬಾಗಿಲಲ್ಲಿ ನಿಂತು ಒಳಗೆ ಕುದಿಯುವ ಸಾರಿನ ವಾಸನೆ ಒಂದು ಸಲ ಎಳೆದುಕೊಂಡಳೆಂದರೆ, ಅದನ್ನು ಮಾಡುತ್ತಿರುವ ಹೆಂಗಸು ಯಾವ ಸೀಮೆಯವಳು ಎಂದು ಹೇಳಿಬಿಡುತ್ತಿದ್ದಳು. ಹತ್ತಕ್ಕೆ ಒಂಬತ್ತು ಸರಿಯಾಗಿರುತ್ತಿತ್ತು. ಹತ್ತನೆಯದನ್ನು ಯಾರೂ ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ.

ಅವಳ ಕಸುಬು ಅಡುಗೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕಿನ ಒಕ್ಕಲು ಮನೆಗಳಲ್ಲಿ ಮದುವೆ, ಬೀಗರೂಟ, ಹೊಸಮನೆ ಪ್ರವೇಶ ಏನೇ ಇರಲಿ, ಕೊಪ್ಪರಿಗೆ ಇಳಿಸುವ ಮುಂಚೆ ಅವಳಿಗೆ ಹೇಳಿಕಳಿಸುತ್ತಿದ್ದರು. ಗಂಡ ಮುನಿಶಾಮಿ ಹಿಪ್ಪುನೇರಳೆ ತೋಟ ನೋಡಿಕೊಂಡು ಮನೆಯಲ್ಲಿರುತ್ತಿದ್ದ. ಅವನು ಮಾತು ಕಮ್ಮಿ. ಇಬ್ಬರ ಪಾಲಿನದನ್ನೂ ಹೆಂಡತಿಯೇ ಆಡುತ್ತಿದ್ದುದರಿಂದ ಸಂಸಾರಕ್ಕೆ ಏನೂ ಕೊರತೆಯಾಗಿರಲಿಲ್ಲ. ಮಕ್ಕಳಿರಲಿಲ್ಲ. ತಮ್ಮ ಚನ್ನರಾಯಪ್ಪನ ಮಗಳು ಅನಸೂಯಳನ್ನೇ ಎತ್ತಿ ಆಡಿಸಿದ್ದಳು.

ಸಾರು ಅಂದರೆ ಪೇಟೆಯವರಿಗೆ ಎಲ್ಲ ಒಂದೇ. ಮುನಿಯಲ್ಲಮ್ಮನಿಗೆ ಹಾಗಲ್ಲ. ಶ್ರೀನಿವಾಸಪುರದ ಕಡೆ, ಅದರಲ್ಲೂ ಆಂಧ್ರದ ಗಡಿಗೆ ಅಂಟಿಕೊಂಡ ರಾಯಲ್ಪಾಡಿನ ಸುತ್ತ, ಹುಳಿಯೆಂದರೆ ಮಾವಿನಕಾಯಿ. ಕಾಯಿ ಸಿಗದ ತಿಂಗಳಲ್ಲಿ ಬಿಸಿಲಲ್ಲಿ ಒಣಗಿಸಿಟ್ಟ ಹೋಳು. ಅಲ್ಲಿಯವರು ಅದಕ್ಕೆ ಪುಲುಸು ಅನ್ನುತ್ತಾರೆ, ಹೊರಗಿನವರು ಒಂದು ತುತ್ತು ಉಂಡು ಕಣ್ಣು ಮುಚ್ಚಿಕೊಳ್ಳುತ್ತಾರೆ. ಮುಳಬಾಗಿಲಿನವರದು ಹುರುಳಿ ಕಟ್ಟು. ಬೆಂದ ಹುರುಳಿಯ ನೀರು ಬಸಿದು, ಹುಣಸೆಹುಳಿ, ಬೆಳ್ಳುಳ್ಳಿ ಹಾಕಿ, ಇವತ್ತಿನದನ್ನು ನಾಳೆ ಕಾಯಿಸಿ, ನಾಡಿದ್ದು ಮತ್ತೆ ಕಾಯಿಸಿ, ಮೂರನೆಯ ದಿನಕ್ಕೆ ಅದು ಸಾರಾಯಿತು ಅಂತ ಒಪ್ಪುವ ಜನ. ಕೋಲಾರದ ಸುತ್ತಮುತ್ತ ಅವರೆಕಾಯಿ, ಸಬ್ಬಸಿಗೆ, ಸೊಪ್ಪು ಬಸಿದ ಬಸ್ಸಾರು. ಮಾಲೂರಿನ ಕಡೆ ಮಾತ್ರ ಹುಳಿಗೆ ಅಂಥಾ ಮರ್ಯಾದೆಯಿಲ್ಲ. ತೆಂಗಿನಕಾಯಿ, ಕಪ್ಪಗೆ ಹುರಿದ ಕೊತ್ತಂಬರಿ ಬೀಜ, ಸಿಪ್ಪೆ ಸಮೇತ ಕೆಂಡದಲ್ಲಿ ಸುಟ್ಟ ಈರುಳ್ಳಿ, ಮೂರನ್ನೂ ನುಣ್ಣಗೆ ರುಬ್ಬಿ ಆಲೂಗಡ್ಡೆಗೆ ಹಾಕುತ್ತಾರೆ. ಸುಟ್ಟ ಈರುಳ್ಳಿಯ ಆ ವಾಸನೆ ಬೀದಿ ತಿರುವಿನಲ್ಲೇ ಬಂದು ಕೈ ಹಿಡಿಯುತ್ತದೆ.

ಈ ಮೂಗಿನಿಂದ ಅವಳಿಗೆ ಹೆಸರು ಬಂದದ್ದು ಎಪ್ಪತ್ತೈದನೇ ಇಸವಿಯಲ್ಲಿ. ವೇಮಗಲ್ಲಿನ ಸುಬ್ಬರಾಯಪ್ಪ ಮಗಳಿಗೆ ಗಂಡು ಗೊತ್ತು ಮಾಡಿಕೊಂಡು, ಗಂಡಿನ ಮನೆ ನೋಡುವುದಕ್ಕೆ ಮುಳಬಾಗಿಲಿನ ಆಚೆ ಹೊರಟಿದ್ದ. ಮದುವೆಯ ಅಡುಗೆಯನ್ನೂ ಮಾತಾಡಿ ಮುಗಿಸೋಣ ಎಂದು ಜೊತೆಗೆ ಮುನಿಯಲ್ಲಮ್ಮನನ್ನು ಕರೆದುಕೊಂಡ. ಹೋದರೆ ತೊಟ್ಟಿಮನೆ, ಎರಡು ಜೊತೆ ಎತ್ತು, ಅಟ್ಟದ ತುಂಬ ರಾಗಿ. ಐದು ತಲೆಮಾರಿನಿಂದ ಇದೇ ಮನೆ ಅಂದರು. ಸುಬ್ಬರಾಯಪ್ಪ ಕರಗಿಹೋದ. ಮುನಿಯಲ್ಲಮ್ಮ ನೀರು ಬೇಕೆಂದು ಒಳಗೆ ಹೋದವಳು ಬೇಗ ಬರಲಿಲ್ಲ. ಬಂದು ಅವನ ಕಿವಿಯಲ್ಲಿ ಅಂದಳು, "ಈ ಮನೆ ಒಲೆ ಮೇಲೆ ಹುರುಳಿ ಕಟ್ಟು ಮೂರು ದಿನದಿಂದ ಕಾಯ್ತಾ ಐತೆ. ಆದರೆ ಮನೆಯೋಳು ಅಂತ ತೋರಿಸ್ತಾ ಇದಾರಲ್ಲ ಆ ಯಮ್ಮನಿಗೆ ಉಪ್ಪಿನ ಮಡಿಕೆ ಎಲ್ಲಿದೆ ಅಂತ ಗೊತ್ತಿಲ್ಲ. ಪಕ್ಕದ್ಮನೆ ವಿಚಾರಿಸು." ವಿಚಾರಿಸಿದರೆ ಮನೆ, ಎತ್ತು, ರಾಗಿ ಎಲ್ಲವೂ ಒಂದು ದಿನಕ್ಕೆ ಎರವಲು ತಂದದ್ದು. ಸಂಬಂಧ ಮುರಿಯಿತು, ಹುಡುಗಿ ಉಳಿದಳು.

ಅಲ್ಲಿಂದ ಮುಂದೆ ಹೋಬಳಿಯಲ್ಲಿ ಗಂಡಿನ ಮನೆ ನೋಡುವುದೆಂದರೆ ಮುನಿಯಲ್ಲಮ್ಮ ಇರಲೇಬೇಕು. ಅವಳು ಬರುತ್ತಾಳೆಂದು ಗೊತ್ತಾದರೆ ಗಂಡಿನ ಕಡೆಯವರು ಬೆಳಗ್ಗೆಯಿಂದ ಒಲೆಯನ್ನೇ ಹಚ್ಚುತ್ತಿರಲಿಲ್ಲ. ಕೆಲವರು ಬರೀ ಹಾಲು ಕಾಯಿಸಿಟ್ಟು ಮುಖ ನೋಡುತ್ತಿದ್ದರು. ಅದಕ್ಕೂ ಅವಳ ಹತ್ತಿರ ಮಾತಿತ್ತು. "ಒಲೆ ಹಚ್ಚದೆ ಇರೋ ಮನೆಗೆ ಹುಡುಗಿ ಯಾಕೆ ಕೊಡ್ತೀರ?" ಅವಳು ತೂಗಿ ಕೊಡದೆ ಇದ್ದ ಮಾತನ್ನೂ ಜನ ಪೂರ್ತಿ ತೂಕಕ್ಕೆ ಕೊಳ್ಳತೊಡಗಿದ್ದರು. ಅವಳೂ ಅದೇ ತೂಕ ನಂಬಿಕೊಂಡಳು.

ಎಂಬತ್ತೆರಡರ ವೈಶಾಖದಲ್ಲಿ ಅನಸೂಯಳಿಗೆ ಗಂಡು ಬಂತು. ಹುಡುಗಿಗೆ ಇಪ್ಪತ್ತೊಂದು. ಬಣ್ಣ ಕಪ್ಪು, ಕೈ ಚುರುಕು. ಅಷ್ಟರೊಳಗೆ ಎರಡು ಕಡೆಯವರು ನೋಡಿ ಹೋಗಿ ಮಾತೇ ಆಡಿರಲಿಲ್ಲ. ಈ ಸಲ ಬಂದವನು ಆಂಜಿನಪ್ಪ, ರಾಯಲ್ಪಾಡಿಗೆ ಎರಡು ಮೈಲಿ ಈಚೆಯ ಹಳ್ಳಿಯವನು. ಊರಿನ ಹಾಲಿನ ಡೈರಿಯಲ್ಲಿ ಟೆಸ್ಟರು, ಜೊತೆಗೆ ನಾಲ್ಕೆಕರೆ ಹೊಲ. ಮನೆಯಲ್ಲಿ ಅವನು ಮತ್ತು ಅಪ್ಪ ದೊಡ್ಡಮುನಿಯಪ್ಪ, ಇಬ್ಬರೇ. ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಆ ತಾಯಿಯೂ ರಾಯಲ್ಪಾಡಿನ ಹುಡುಗಿಯೇ ಎಂದು ಕೇಳಿ ತಿಳಿದುಕೊಂಡಿದ್ದರು. ಹುಡುಗ ಹುಡುಗಿಯನ್ನು ನೋಡಿ ಒಪ್ಪಿದ. ಚನ್ನರಾಯಪ್ಪನಿಗೆ ಇನ್ನೇನು, ಮನೆಯೊಂದು ನೋಡಿಬಿಟ್ಟರೆ ಆಯಿತು.

"ಅಕ್ಕಾ, ನೀನು ಒಂದು ಮಾತು ಸರಿ ಅಂದುಬಿಡು. ಇದೂ ತಪ್ಪಿದ್ರೆ ಇವಳನ್ನ ಯಾರು ಕೇಳ್ತಾರೆ," ಅಂದ ಬಸ್ಸಿನಲ್ಲಿ.

"ಸರಿ ಇದ್ರೆ ಸರಿ ಅಂತೀನಿ ಕಣೋ. ನಾನೇನು ನಿನ್ನ ಮಗಳಿಗೆ ಶತ್ರುನಾ?"

ಮನೆ ಚಿಕ್ಕದು, ಚೊಕ್ಕಟವಾಗಿತ್ತು. ಮುಂದೆ ಒಂದು ಮಾವಿನಮರ, ಕಾಯಿಯ ಭಾರಕ್ಕೆ ಕೊಂಬೆ ನೆಲ ಮುಟ್ಟುವ ಹಾಗೆ. ದೊಡ್ಡಮುನಿಯಪ್ಪ ಚಾಪೆ ಹಾಸಿದ. ಮುನಿಯಲ್ಲಮ್ಮ ಹೊಸ್ತಿಲು ದಾಟುವಾಗಲೇ ನಿಂತುಬಿಟ್ಟಳು. ಸುಟ್ಟ ಈರುಳ್ಳಿ, ಹುರಿದ ಕೊತ್ತಂಬರಿ, ತೆಂಗಿನಕಾಯಿ. ಮಾವಿನಕಾಯಿಯ ಸುಳಿವೇ ಇಲ್ಲ.

ನೀರು ಕೇಳಿ ಒಳಗೆ ಹೋದಳು. ಒಲೆ ಮೇಲೆ ಆಲೂಗಡ್ಡೆ ಸಾರು ಮಳ್ಳುತ್ತಿತ್ತು. ಒರಳುಕಲ್ಲು ಇನ್ನೂ ಒದ್ದೆ. ಒಲೆಯ ಮುಂದಿನ ಮಣೆ ಬೆಚ್ಚಗಿತ್ತು. ಈಗಷ್ಟೇ ಯಾರೋ ಎದ್ದು ಹೋಗಿದ್ದಾರೆ. ಹಿತ್ತಲ ಬಾಗಿಲು ಅರ್ಧ ತೆರೆದಿತ್ತು.

"ಅಡುಗೆ ಯಾರು ಮಾಡೋದಪ್ಪ ನಿಮ್ಮನೇಲಿ?" ಹೊರಗೆ ಬಂದು ಕೇಳಿದಳು.

ದೊಡ್ಡಮುನಿಯಪ್ಪ ಹೆಗಲ ಮೇಲಿನ ಟವೆಲನ್ನು ತೆಗೆದು ಇನ್ನೊಂದು ಹೆಗಲಿಗೆ ಹಾಕಿಕೊಂಡ. "ಪಕ್ಕದ್ಮನೆ ಚಿಕ್ಕವೆಂಕಟಮ್ಮ ಬಂದು ಮಾಡಿಟ್ಟು ಹೋಗ್ತಾಳೆ."

ಹೊರಡುವಾಗ ಮುನಿಯಲ್ಲಮ್ಮ ಪಕ್ಕದ ಮನೆಯ ಚಿಕ್ಕವೆಂಕಟಮ್ಮನನ್ನು ಮಾತಾಡಿಸಿದಳು. ಇವತ್ತು ಏನಮ್ಮ ಸಾರು? ಮಾವಿನಕಾಯಿ ಪುಲುಸು. ಇವರ ಮನೆಗೂ ನೀನೇನಾ ಮಾಡೋದು? ಅಯ್ಯೋ, ನಾನ್ಯಾಕೆ ಮಾಡ್ಲಿ. ಮತ್ತೆ ಯಾರು? ಆ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು ಒಳಗೆ ಹೋಗಿಬಿಟ್ಟಳು.

ಇಷ್ಟು ಸಾಕಾಯಿತು. ಮನೆಯ ಯಜಮಾನ ಸುಳ್ಳು ಹೇಳಿದ. ನೆರೆಯವಳು ನಕ್ಕಳು. ಮಣೆ ಬೆಚ್ಚಗಿತ್ತು, ಹಿತ್ತಲ ಬಾಗಿಲು ತೆರೆದಿತ್ತು. ಮರದ ತುಂಬ ಕಾಯಿ ಇಟ್ಟುಕೊಂಡು ಸಾರಿಗೆ ಒಂದು ಹೋಳು ಹಾಕದವಳು ಈ ಸೀಮೆಯವಳಾಗುವುದಕ್ಕೆ ಸಾಧ್ಯವಿಲ್ಲ. ಮುನಿಯಲ್ಲಮ್ಮ ಬಸ್ಸು ಹತ್ತುವ ಮೊದಲೇ ಲೆಕ್ಕ ಮುಗಿಸಿದ್ದಳು.

"ಆ ಹುಡುಗ ಮಾಲೂರ ಕಡೆಯೋಳನ್ನ ಇಟ್ಕೊಂಡವನೆ. ನಮ್ಮನ್ನ ನೋಡಿ ಹಿತ್ಲಿಂದ ಕಳಿಸಿದಾರೆ. ಬೇಡ."

ಚನ್ನರಾಯಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದ. ಜಾತಕ ಕೂಡಲಿಲ್ಲವೆಂದು ಹೇಳಿಕಳಿಸಿದರು.

ಮಾತು ಅಲ್ಲಿಗೆ ನಿಂತಿದ್ದರೆ ಒಂದು ರೀತಿ. ಮುನಿಯಲ್ಲಮ್ಮ ಮುಂದಿನ ಎರಡು ಮೂರು ಮದುವೆ ಮನೆಯಲ್ಲಿ ಸೌಟು ತಿರುಗಿಸುತ್ತಾ ಅದನ್ನೂ ಬಡಿಸಿದಳು. ದ್ವೇಷದಿಂದ ಅಲ್ಲ, ತನ್ನ ಮೂಗಿನ ಮೇಲಿನ ಅಭಿಮಾನದಿಂದ. ಮಾತು ಮುಳಬಾಗಿಲು ಮುಟ್ಟುವ ಹೊತ್ತಿಗೆ ಆ ಹೆಂಗಸಿಗೆ ಒಂದು ಹೆಸರು ಬಂತು, ಕೋಲಾರಕ್ಕೆ ಬರುವ ಹೊತ್ತಿಗೆ ಒಂದು ಮಗು.

ಮೂರು ವರ್ಷವಾಯಿತು. ಆಂಜಿನಪ್ಪನಿಗೆ ಯಾರೂ ಹುಡುಗಿ ಕೊಡಲಿಲ್ಲ. ಅನಸೂಯಳನ್ನೂ ಯಾರೂ ಕೇಳಲಿಲ್ಲ. ಎಂಬತ್ತೈದರಲ್ಲಿ ಅವಳಿಗೆ ಇಪ್ಪತ್ತನಾಲ್ಕಾದಾಗ ಮಾಲೂರಿನ ಹತ್ತಿರದಿಂದ ಒಂದು ಎರಡನೇ ಸಂಬಂಧ ಬಂತು. ಹೆಂಡತಿ ಸತ್ತವನು, ನಲವತ್ತರ ಮೇಲೆ, ಎರಡು ಮಕ್ಕಳು. ಚನ್ನರಾಯಪ್ಪ ಹೂಂ ಅಂದುಬಿಟ್ಟ. ಈ ಸಲ ಮನೆ ನೋಡಲು ಅಕ್ಕನನ್ನು ಕರೆಯಲಿಲ್ಲ. ಎರಡನೇ ಸಂಬಂಧಕ್ಕೆ ಸಾರು ಮೂಸುವ ಪದ್ಧತಿ ಇರಲಿಲ್ಲ. ತಾಂಬೂಲ ಬದಲಾಯಿಸುವುದು ಬರುವ ವಾರದ ಶುಕ್ರವಾರ ಎಂದಾಯಿತು.

ಅದಕ್ಕೆ ಮುಂಚಿನ ಭಾನುವಾರ ಮುನಿಯಲ್ಲಮ್ಮ ಅಡುಗೆಗೆ ಹೋಗಬೇಕಾಗಿದ್ದು ಆಂಜಿನಪ್ಪನ ಊರಿಗೇ. ಡೈರಿಯ ಹೊಸ ಕಟ್ಟಡಕ್ಕೆ ಪೂಜೆ, ನಾಲ್ಕು ತಾಲ್ಲೂಕಿನ ಹಾಲಿನ ಸಂಘದವರು ಸೇರಿ ಮುನ್ನೂರು ಜನಕ್ಕೆ ಊಟ. ಊರ ಹೆಸರು ಕೇಳಿ ಒಂದು ಗಳಿಗೆ ಹಿಂದೆಮುಂದೆ ನೋಡಿದಳು. ಆಮೇಲೆ, ಆಡಿದ ಮಾತು ಹಳೆಯದು, ಅಡುಗೆ ಇವತ್ತಿನದು ಎಂದುಕೊಂಡು ಒಪ್ಪಿದಳು. ಎರಡು ಕೊಪ್ಪರಿಗೆ ಸಾರು: ಊರವರಿಗೆ ಮಾವಿನಕಾಯಿಯದು, ಹೊರಗಿನವರಿಗೆ ಹುಳಿಯಿಲ್ಲದ್ದು. ಬೆಳಗ್ಗೆ ಏಳಕ್ಕೆ ಒಲೆ ಹಚ್ಚುವಾಗ ಜೊತೆಗೆ ಬಂದಿದ್ದ ಕದಿರಮ್ಮನ ಕೈಗೆ ಬಿಸಿಗಂಜಿ ಚೆಲ್ಲಿ ಬೊಬ್ಬೆ ಬಂತು. ಊರಿನ ಹೆಂಗಸರೆಲ್ಲ ಹಾಲು ಕರೆಯುವ ಹೊತ್ತು. ರುಬ್ಬುವವರಿಲ್ಲ.

ಪಾಯಸಕ್ಕೆ ಹಾಲು ತಂದವನು ಆಂಜಿನಪ್ಪ. ಕ್ಯಾನು ಇಳಿಸಿ, ಕದಿರಮ್ಮನ ಕೈ ನೋಡಿ, ಒರಳಿನ ಕಡೆ ನೋಡಿದ. ಮೊದಲು ಹೋಗಿ ಬೀದಿಯ ಕಡೆಯ ಬಾಗಿಲನ್ನು ಮುಂದಕ್ಕೆ ಎಳೆದು ಬಂದ. ಆಮೇಲೆ ಪಂಚೆ ಮೇಲೆ ಕಟ್ಟಿ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ನಿಂಗೆ ಬರ್ತದೇನಪ್ಪ?"

"ಹುಳಿಯಿಲ್ಲದ್ದು ನಾನು ನೋಡ್ಕೊಂತೀನಿ. ನೀವು ಆ ಕೊಪ್ಪರಿಗೆ ನೋಡಿ."

ಮುನಿಯಲ್ಲಮ್ಮ ಮಾವಿನಕಾಯಿ ಹೆಚ್ಚುತ್ತಿದ್ದವಳು ನಿಲ್ಲಿಸಿದಳು. ಮದುವೆ ಮನೆಯಲ್ಲಿ ಗಂಡಸರು ಕೊಪ್ಪರಿಗೆ ತಿರುವುವುದು, ಮುದ್ದೆ ಕಟ್ಟುವುದು ಅವಳಿಗೆ ಹೊಸದಲ್ಲ. ಅದು ಬರೀ ತೋಳಿನ ಕೆಲಸ. ಇದು ಬೇರೆ. ಅವನು ಕೊತ್ತಂಬರಿ ಬೀಜವನ್ನು ಕಪ್ಪಗಾಗುವ ತನಕ ಹುರಿದು, ಇನ್ನೇನು ಸೀದಿತು ಎನ್ನುವಾಗ ತೆಗೆದ. ಈರುಳ್ಳಿಯನ್ನು ಸಿಪ್ಪೆ ಸಮೇತ ಕೆಂಡಕ್ಕೆ ತಳ್ಳಿದ. ಸಿಪ್ಪೆ ಸಿಡಿದು ಆ ವಾಸನೆ ಎದ್ದಿತು. ಮೂರು ವರ್ಷದ ಹಿಂದೆ ಹೊಸ್ತಿಲಲ್ಲಿ ಅವಳನ್ನು ನಿಲ್ಲಿಸಿದ ವಾಸನೆಯೇ, ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿಯಿಲ್ಲ. ಅವಳ ಕೈಯಲ್ಲಿದ್ದ ಮಾವಿನ ಹೋಳು ಜಾರಿ ಬೂದಿಗೆ ಬಿತ್ತು.

"ಯಾರಪ್ಪ ಕಲಿಸಿದ್ದು ಇದನ್ನ?" ಕೇಳಿದಳು.

"ಮಾಲೂರಲ್ಲಿ ಹಂಚಿನ ಕಾರ್ಖಾನೆಗೆ ಸೇರಿದ್ದೆ ಎರಡು ವರ್ಷ. ಲೈನುಮನೆ, ಪಾಳಿ ಮೇಲೆ ಅಡುಗೆ. ಪಕ್ಕದ್ಮನೆ ಅಜ್ಜಿ ಹೇಳಿಕೊಟ್ರು. ಅಷ್ಟೊತ್ತಿಗೆ ಅಮ್ಮ ಮಲಗಿಬಿಟ್ರು. ಬಂದ್ಬಿಟ್ಟೆ."

"ಮಾವಿನಮರ ಮುಂದೇನೇ ಇಟ್ಕೊಂಡು..."

"ಅಮ್ಮನಿಗೆ ಹೊಟ್ಟೇಲಿ ಹುಣ್ಣು. ಹುಳಿ ಬಿದ್ರೆ ನರಳೋರು. ಇದೊಂದೇ ಅವರಿಗೆ ಒಳಗೆ ಇಳೀತಿದ್ದಿದ್ದು. ಐದು ವರ್ಷ ಇದನ್ನೇ ಮಾಡ್ದೆ." ಅವನು ರುಬ್ಬುಗುಂಡು ತಿರುಗಿಸುತ್ತಲೇ ಇದ್ದ. "ಈಗ ಅಪ್ಪ ಬೈತಾರೆ, ಹುಳಿ ಹಾಕೋ ಅಂತ. ಕೈ ಬರಲ್ಲ."

ಅವನು ರುಬ್ಬಿದ್ದನ್ನು ಬಳಿದು ಕೊಪ್ಪರಿಗೆಗೆ ಹಾಕಿದ.

"ನೀವು ವಕ್ಕಲೇರಿ ಮುನಿಯಲ್ಲಮ್ಮ ಅಲ್ವಾ. ಅವತ್ತು ನೀವು ನೀರು ಕೇಳ್ದಾಗ ನಾನು ಹಿತ್ಲಲ್ಲಿದ್ದೆ. ಮೈಯೆಲ್ಲ ಹೊಗೆ ವಾಸನೆ, ಮುಖ ತೊಳೆದು ಅಂಗಿ ಹಾಕ್ಕೊಂಡು ಬಾ ಅಂತ ಅಪ್ಪ ಅಟ್ಟಿದ್ರು."

"ಹಾಗಾದ್ರೆ ನಾನು ಹೇಳಿದ ಆ ಹೆಂಗಸು..."

"ನಾನೇ. ಮಾತು ನಮ್ಮೂರಿಗೆ ಬರೋ ಹೊತ್ಗೆ ಅವಳಿಗೆ ಎರಡು ಮಕ್ಕಳಾಗಿದ್ವು," ಅಂದ. ಅವನು ನಗಲಿಲ್ಲ. ಅದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

ಊಟದ ಹೊತ್ತಿನಲ್ಲಿ ಮಾಲೂರಿನ ಸಂಘದವರು ಎರಡನೆಯ ಸಲ ಸಾರು ಹಾಕಿಸಿಕೊಂಡು ಮುನಿಯಲ್ಲಮ್ಮನನ್ನು ಹೊಗಳಿದರು. ಅವಳು ತಲೆ ತಗ್ಗಿಸಿ ಬಡಿಸುತ್ತಾ ಹೋದಳು. ಎಲೆ ಎತ್ತಿದ ಮೇಲೆ ನೇರವಾಗಿ ದೊಡ್ಡಮುನಿಯಪ್ಪನ ಮನೆಗೆ ನಡೆದಳು. ಅವನು ಮಾವಿನಮರದ ಕೆಳಗೆ ಹಗ್ಗ ಹೊಸೆಯುತ್ತಿದ್ದ.

"ಅಪ್ಪಾ, ನಾನು ತಪ್ಪು ಹೇಳ್ದೆ. ಎಲ್ಲೆಲ್ಲಿ ಹೇಳಿದ್ನೋ ಅಲ್ಲೆಲ್ಲ ಹೋಗಿ ಹೇಳ್ತೀನಿ. ನಿಮ್ಮನೇಲಿ ಯಾವ ಹೆಂಗಸೂ ಇರಲಿಲ್ಲ, ಸಾರು ಮಾಡಿದ್ದು ನಿಮ್ಮ ಹುಡುಗ ಅಂತ."

ಮುದುಕ ಹಗ್ಗ ಕೆಳಗಿಟ್ಟ. "ಆ ಕೆಲಸ ಮಾತ್ರ ಮಾಡಬೇಡಮ್ಮ."

"ಯಾಕಪ್ಪಾ?"

"ನೋಡಮ್ಮಾ. ಹೆಂಗಸನ್ನ ಇಟ್ಕೊಂಡವನೆ ಅಂದ್ರೆ ಜನ ಬೈತಾರೆ, ಆದ್ರೂ ಗಂಡಸು ಅಂತ ಒಪ್ತಾರೆ. ಒಲೆ ಮುಂದೆ ಕೂತು ಸಾರು ಕಾಯಿಸ್ತಾನೆ ಅಂದ್ರೆ? ಊರಿಗೆ ಗೊತ್ತಿಲ್ಲ ಅಂತಲ್ಲ. ಆದ್ರೆ ನನ್ನ ಮುಂದೆ ಯಾರೂ ಬಾಯಿ ಬಿಟ್ಟಿಲ್ಲ. ಇಷ್ಟು ವರ್ಷ ಬಂದೋರೆಲ್ಲ ಆ ಹೆಂಗಸು ಯಾರು ಅಂತ ಕೇಳಿದ್ರು. ನಾನು ಇಲ್ಲ ಅನ್ನಲಿಲ್ಲ. ಹೂಂ ಅನ್ನಲೂ ಇಲ್ಲ. ಅದೇ ಇರ್ಲಿ ಬಿಡು."

ಮುನಿಯಲ್ಲಮ್ಮ ಜೀವಮಾನದಲ್ಲಿ ಇಂಥಾ ಮಾತು ಕೇಳಿರಲಿಲ್ಲ. ಮಗನ ಮದುವೆ ಕೆಟ್ಟರೂ ಪರವಾಗಿಲ್ಲ, ಸೌಟು ಮಾತ್ರ ಮುಚ್ಚಿಟ್ಟಿರಬೇಕು. ಆದರೆ ನಗುವುದಕ್ಕೂ ಅವಳಿಗೆ ಮುಖವಿರಲಿಲ್ಲ. ಮೂರು ವರ್ಷದ ಹಿಂದೆ ಆ ಬೆಚ್ಚಗಿನ ಮಣೆ ಮುಟ್ಟಿದಾಗ, ಅದರ ಮೇಲೆ ಕೂತಿದ್ದು ಗಂಡಸಾಗಿರಬಹುದೆಂದು ಅವಳಿಗೂ ಹೊಳೆದಿರಲಿಲ್ಲ. ಮೂಗು ಹೇಳಿದ್ದು ಸರಿಯಾಗಿಯೇ ಇತ್ತು. ತಲೆ ಮಾತ್ರ ದೊಡ್ಡಮುನಿಯಪ್ಪನ ತಲೆಯಂಥದ್ದೇ.

ಬಸ್ಸಿನ ಹತ್ತಿರ ಆಂಜಿನಪ್ಪ ಕೊಪ್ಪರಿಗೆ ಮೇಲೆ ಹತ್ತಿಸಿಕೊಟ್ಟ. ಅಪ್ಪ ಆಡಿದ ಮಾತು ಅವನಿಗೆ ಗೊತ್ತಾಗಿತ್ತು.

"ಹೇಳೋದಾದ್ರೆ ಹೇಳಿ. ಅಪ್ಪ ಒಂದು ತಿಂಗಳು ಮುಖ ತಿರುಗಿಸ್ಕೊಂಡಿರ್ತಾರೆ, ನಗೋರು ನಗ್ತಾರೆ. ನಂಗೆ ಸಾಕಾಗಿದೆ. ಆದ್ರೆ ಒಂದು ಮಾತು. ಇದ್ದದ್ದನ್ನ ಹೇಳಿ. ಹೊಸದೇನೂ ಸೇರಿಸಬೇಡಿ."

ದಾರಿಯುದ್ದಕ್ಕೂ ಮುನಿಯಲ್ಲಮ್ಮ ತೂಗಿ ನೋಡಿದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅನಸೂಯ ಎರಡನೇ ಸಂಬಂಧಕ್ಕೆ ಹೋಗುತ್ತಾಳೆ, ಆ ಇಬ್ಬರು ಮಕ್ಕಳಿಗೆ ಮುದ್ದೆ ತಿರುವುತ್ತಾಳೆ, ತನ್ನ ಹೆಸರು ತನಗೆ ಉಳಿಯುತ್ತದೆ. ಹೇಳಿದರೆ ಇಷ್ಟು ವರ್ಷ ಕಟ್ಟಿಕೊಂಡ ನಂಬಿಕೆ ಒಂದೇ ಊಟದಲ್ಲಿ ಹೋಗುತ್ತದೆ. ತಮ್ಮನ ಮುಖ ಬೇರೆ ನೋಡಬೇಕು. ವಕ್ಕಲೇರಿ ಬಂದಾಗ ಕಂಡಕ್ಟರು ಎರಡು ಸಲ ಕೂಗಿದ ಮೇಲೆ ಎದ್ದಳು.

ಮರುದಿನ ಹಿಪ್ಪುನೇರಳೆ ತೋಟದಲ್ಲಿ ಅನಸೂಯ ಸೊಪ್ಪು ಕೊಯ್ಯುತ್ತಿದ್ದಳು. ಮನೆಯಲ್ಲಿ ರೇಷ್ಮೆಹುಳಕ್ಕೆ ನಾಲ್ಕನೇ ಜ್ವರ ಬಿಟ್ಟಿತ್ತು, ಪೊರೆ ಕಳಚಿದ ಹುಳಕ್ಕೆ ಹಸಿವು ಜಾಸ್ತಿ, ಹೊತ್ತುಹೊತ್ತಿಗೆ ಬುಟ್ಟಿ ತುಂಬಬೇಕು. ಮುನಿಯಲ್ಲಮ್ಮ ಪಕ್ಕದ ಸಾಲು ಹಿಡಿದು, ಅವಳ ಮುಖ ನೋಡದೆ ಎಲ್ಲ ಹೇಳಿದಳು. ಅನಸೂಯಳ ಕೈ ಒಂದು ಸಲವೂ ನಿಲ್ಲಲಿಲ್ಲ.

"ಬೈಯೇ. ಏನಾದ್ರೂ ಬೈಯಿ," ಅಂದಳು ಅತ್ತೆ ಕೊನೆಗೆ.

"ಬೈದ್ರೆ ನಿಂಗೆ ಹಗುರ ಆಗ್ತದೆ. ಯಾಕೆ ಬೈಲಿ?" ಬುಟ್ಟಿಯನ್ನು ಒತ್ತಿ ತುಂಬುತ್ತಾ ಅಂದಳು. "ನೋಡೋಕೆ ಬಂದೋರೆಲ್ಲ ನನ್ನ ಹಾಡ್ತೀಯಾ, ಹೊಲಿತೀಯಾ ಅಂತ ಕೇಳೋರು. ಅವರು ಒಬ್ರೇ, ಹುಳಕ್ಕೆ ಜ್ವರ ಬಿಟ್ಟಾಗ ನಿಂಗೆ ನಿದ್ದೆ ಸಾಲ್ತದಾ ಅಂತ ಕೇಳಿದ್ದು. ಅದನ್ನ ನಾನು ಯಾರಿಗೂ ಹೇಳ್ಲಿಲ್ಲ ಅತ್ತೆ. ನನ್ನನ್ನ ಯಾರೂ ಕೇಳ್ಲಿಲ್ಲ. ನಿನ್ನ ಮೂಗನ್ನ ಕೇಳಿದ್ರು."

ಮುನಿಯಲ್ಲಮ್ಮ ಸೊಪ್ಪಿನ ಮಧ್ಯೆ ಕೂತುಬಿಟ್ಟಳು.

"ಎದ್ದು ಕೆಲಸ ನೋಡು. ಬುಧವಾರ ಮುಳಬಾಗಿಲಲ್ಲಿ ಮದುವೆ ಇದೆಯಲ್ಲ ನಿಂಗೆ. ಅಲ್ಲಿಂದ ಶುರು ಮಾಡು. ಅಪ್ಪಂಗೆ ಆಮೇಲೆ."

ಬುಧವಾರದ ಮದುವೆಗೆ ನಾಲ್ಕೂ ತಾಲ್ಲೂಕಿನ ನೆಂಟರು ಬಂದಿದ್ದರು. ಮೊದಲ ಪಂಕ್ತಿಗೆ ಸಾರು ಬಡಿಸುವಾಗ ಬಾಯಿ ಬರಲಿಲ್ಲ. ಎರಡನೆಯದಕ್ಕೂ ಬರಲಿಲ್ಲ. ಮೂರನೆಯ ಪಂಕ್ತಿಯಲ್ಲಿ ವೇಮಗಲ್ಲಿನ ಸುಬ್ಬರಾಯಪ್ಪನೇ ಕೂತಿದ್ದ, ಪಕ್ಕದವನಿಗೆ ಅವಳ ಮೂಗಿನ ಕತೆ ಹೇಳುತ್ತಾ. ಅವಳು ಸಾರಿನ ಬಕೆಟ್ಟು ನೆಲಕ್ಕಿಟ್ಟಳು.

"ಸುಬ್ಬರಾಯಪ್ಪಾ, ಆ ಕತೆ ಸಾಕು, ಇದನ್ನೊಂದು ಕೇಳು. ರಾಯಲ್ಪಾಡಿನ ಕಡೆ ಡೈರಿ ಆಂಜಿನಪ್ಪ ಹೆಂಗಸನ್ನ ಇಟ್ಕೊಂಡವನೆ ಅಂತ ನಾನು ಹೇಳಿದ್ದೆ. ನೀವೆಲ್ಲ ಕೇಳಿದ್ರಿ. ಅದು ಸುಳ್ಳು. ಹಾಸಿಗೆ ಹಿಡಿದ ತಾಯಿಗೆ ಐದು ವರ್ಷ ಅವನೇ ಸಾರು ಮಾಡಿ ಹಾಕಿದಾನೆ. ನಾನು ಮೂಸಿದ್ದು ಅವನ ಕೈಯ ಸಾರನ್ನೇ. ನನಗೆ ತಿಳೀಲಿಲ್ಲ."

ಪಂಕ್ತಿಯ ಮೂಲೆಯಿಂದ ಯಾರೋ ಅಂದರು, "ಹಂಗಾದ್ರೆ ಅವನಿಗೆ ಹುಡುಗಿ ಯಾಕೆ, ಗಂಡು ನೋಡಿ." ಪಂಕ್ತಿಯೆಲ್ಲ ನಕ್ಕಿತು. ಇನ್ನೊಬ್ಬ, "ಮುನಿಯಲ್ಲಮ್ಮ, ನಮ್ಮ ಸಂಬಂಧಾನೂ ನೀನೇ ಮುರಿಸಿದ್ದು, ಅದೂ ಹಿಂಗೇನಾ?" ಅಂದ. ಅದಕ್ಕೆ ಯಾರೂ ನಗಲಿಲ್ಲ. ಸುಬ್ಬರಾಯಪ್ಪ ಮಾತ್ರ ಎಲೆ ನೋಡಿಕೊಂಡು ಉಣ್ಣುತ್ತಿದ್ದ. ಅವಳು ಬಕೆಟ್ಟು ಎತ್ತಿಕೊಂಡು ಉಳಿದ ಎಲೆಗಳಿಗೆ ಬಡಿಸಿದಳು. ಒಬ್ಬರ ಪಂಚೆಗೂ ಸಾರು ಬಿತ್ತು.

ಮಾತು ಅವಳಿಗಿಂತ ಮುಂಚಿನ ಬಸ್ಸು ಹಿಡಿದು ವಕ್ಕಲೇರಿಗೆ ಬಂದಿತ್ತು. ಚನ್ನರಾಯಪ್ಪ ಜಗಲಿಯ ಮೇಲೆ ಕಾಯುತ್ತಿದ್ದ.

"ಮೂರು ವರ್ಷ, ಅಕ್ಕಾ. ಮೂರು ವರ್ಷ ನನ್ನ ಮಗಳು ಮನೇಲಿ ಕೂತಿದ್ದು ನಿನ್ನ ಮಾತಿಗೆ. ಈಗ ನಾಲ್ಕು ತಾಲ್ಲೂಕಿನ ಮುಂದೆ ಅವನು ಒಲೆ ಊದೋನು ಅಂತ ಸಾರಿ ಬಂದಿದೀಯ. ಅವನಿಗೆ ಕೊಡೋಣ ಅಂತ ನಾನು ಅಂದ್ಕೊಂಡ್ರೂ ಕೊಡೋ ಹಂಗಿಲ್ಲದ ಹಂಗೆ ಮಾಡಿದೀಯ."

"ಇದ್ದದ್ದು ಹೇಳ್ದೆ ಕಣೋ."

"ಮೊದಲೇ ಇದ್ದದ್ದು ಹೇಳಬೇಕಿತ್ತು."

ಒಳಗಿಂದ ಅನಸೂಯ ಬಂದಳು. ಕೈಯೆಲ್ಲ ಸೊಪ್ಪಿನ ಹಾಲು ಅಂಟಿತ್ತು.

"ಅಪ್ಪಾ, ಶುಕ್ರವಾರದೋರಿಗೆ ಬರಬೇಡಿ ಅಂತ ಹೇಳಿಕಳಿಸು."

"ಮತ್ತೆ ಆ ಸೌಟು ಹಿಡಿಯೋನಿಗೆ ಕೊಡ್ಲಾ?"

"ಕೊಡೋದು ಬಿಡೋದು ನಿಂಗೆ ಬಿಟ್ಟಿದ್ದು. ನಾನು ಎರಡನೇ ಸಂಬಂಧಕ್ಕೆ ಹೋಗಲ್ಲ. ಅಷ್ಟೇ ನಾನು ಹೇಳೋದು."

ಚನ್ನರಾಯಪ್ಪ ಅಕ್ಕನ ಕಡೆ ತಿರುಗಿ, "ಇನ್ಮೇಲೆ ಈ ಜಗಲಿ ಹತ್ತಬೇಡ," ಅಂದ.

ಶುಕ್ರವಾರದವರು ಬರಲಿಲ್ಲ. ಆ ವರ್ಷವೆಲ್ಲ ಮುನಿಯಲ್ಲಮ್ಮನಿಗೆ ಕಷ್ಟದ ವರ್ಷ. ಮನೆ ನೋಡುವುದಕ್ಕೆ ಯಾರೂ ಕರೆಯಲಿಲ್ಲ. ಅಡುಗೆಗೆ ಕರೆಯುವವರೂ ಅರ್ಧಕ್ಕರ್ಧ ಕಮ್ಮಿಯಾದರು. ಕರೆದವರ ಮನೆಯಲ್ಲಿ ಅವಳು ಆ ಹಳೆಯ ಮಾತನ್ನು ಎದುರಿಗೆ ತಂದುಕೊಂಡು, ಅದು ಸುಳ್ಳೆಂದು ಹೇಳಿ, ನಗಿಸಿಕೊಂಡು ಬರುತ್ತಿದ್ದಳು. ಹೊಸದೇನೂ ಸೇರಿಸುತ್ತಿರಲಿಲ್ಲ. ತಾನು ಮುರಿಸಿದ ಬೇರೆ ಸಂಬಂಧಗಳು ಒಂದೊಂದಾಗಿ ನೆನಪಿಗೆ ಬರುತ್ತಿದ್ದವು. ಅವುಗಳಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂದು ಯಾರನ್ನು ಕೇಳುವುದು? ತಮ್ಮನ ಮನೆ ನಾಲ್ಕು ಮನೆ ಆಚೆ. ಅನಸೂಯ ಬಾವಿಯ ಹತ್ತಿರ ಸಿಕ್ಕಿದರೆ ಮಾತಾಡುತ್ತಿದ್ದಳು. ಚನ್ನರಾಯಪ್ಪ ಎದುರಾದರೆ ಬೀದಿಯ ಆ ಕಡೆ ಹೋಗುತ್ತಿದ್ದ.

ಮಾಘ ಮಾಸದಲ್ಲಿ ಒಂದು ಬೆಳಗ್ಗೆ ಚನ್ನರಾಯಪ್ಪ ಬಂದು ಅವಳ ಬಾಗಿಲಲ್ಲಿ ನಿಂತ. ಒಳಗೆ ಬಾ ಅಂದರೆ ಬರಲಿಲ್ಲ. ಹಿಂದಿನ ವಾರ ರಾಯಲ್ಪಾಡಿನ ಕಡೆಯಿಂದ ಹುಡುಗ ತಾನೇ ಬಂದು ಕೇಳಿದ್ದು, ಮುದುಕ ಬರದೆ ಇದ್ದದ್ದು, ಮಗಳು ಹೂಂ ಅಂದದ್ದು ಎಲ್ಲ ಊರಿಗೆ ತಿಳಿದಿತ್ತು. ಮುನಿಯಲ್ಲಮ್ಮನ ಕಿವಿಗೂ ಬಿದ್ದಿತ್ತು, ಮನೆಗೆ ಬಂದು ಮಾತ್ರ ಯಾರೂ ಹೇಳಿರಲಿಲ್ಲ.

"ಗಂಡಿನ ಕಡೆಯಿಂದ ಒಂದು ಬಸ್ಸು ಜನ. ನಮ್ಮೋರು ಇನ್ನೂರು," ಅಂದ ಗೋಡೆ ನೋಡಿಕೊಂಡು. "ಬೇಳೆ ಎಷ್ಟು ತರಬೇಕು?"

ಅವಳು ಮನಸ್ಸಿನಲ್ಲೇ ಎಣಿಸಿ, "ಇಪ್ಪತ್ತು ಸೇರು ತಗೊಂಬಾ," ಅಂದಳು.

ಅವನು ತಲೆಯಾಡಿಸಿ ಹೊರಟುಹೋದ.